ತುಟಿಗೆ ಹೊಂದದ ಮಾತು

ಆಳಂದದ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಸ್ಟುಡಿಯೋ. ಮದುವೆ, ಬಸುರಿಯ ಕುಬಸ, ಕೂಸಿನ ತೊಟ್ಟಿಲ ವಿಡಿಯೋಗಳನ್ನು ಕತ್ತರಿಸಿ ಜೋಡಿಸಿಕೊಡುವುದು ನನ್ನ ಕೆಲಸ. ಭೀಮಾ ನದಿಗೆ ಮೇಲಿನಿಂದ ನೀರು ಬಿಟ್ಟ ಆ ವರ್ಷ, ಅವ್ವನ ಕಣ್ಣಿನ ಆಪರೇಷನ್‌ಗೆಂದು ಅಕ್ಕ ಬಂದಿದ್ದಳು. ಅವಳ ಗಂಡನನ್ನು ನಾನು ಮಾವ ಎನ್ನುತ್ತೇನೆ. ಅಫಜಲಪುರ ತಾಲ್ಲೂಕಿನ ಹೊಳೆದಂಡೆಯ ಊರೊಂದರಲ್ಲಿ ಕುಡಿಯುವ ನೀರಿನ ಪಂಪ್‌ಹೌಸ್ ನೋಡಿಕೊಳ್ಳುವುದು ಅವರ ನೌಕರಿ. ಹಿಂದಿನ ಸಂಜೆ, "ಮೋಟಾರ್ ಮ್ಯಾಲ ಎತ್ತಿಟ್ಟು ಊರಾಗ ಹೋಗ್ತೇನಿ" ಎಂದು ಅಕ್ಕನಿಗೆ ಹೇಳಿ ಫೋನ್ ಇಟ್ಟವರು. ಆಮೇಲೆ ಫೋನ್ ಹತ್ತಲೇ ಇಲ್ಲ.

ಮರುದಿನ ಮಧ್ಯಾಹ್ನ ಟಿವಿಯಲ್ಲಿ ಅವರ ಊರಿನ ಹೆಸರು ಬಂತು. ಸೆಟ್‌ಟಾಪ್ ಬಾಕ್ಸಿನಲ್ಲಿ ಪೆನ್‌ಡ್ರೈವ್ ಇತ್ತು, ರೆಕಾರ್ಡ್ ಒತ್ತಿದೆ. ಅಕ್ಕ ಪಕ್ಕದಲ್ಲೇ ಕೂತು ಊರಿನ ಒಬ್ಬೊಬ್ಬರಿಗೂ ಫೋನ್ ಹಚ್ಚುತ್ತಿದ್ದಳು. ಅವಳಿಗೆ ಫೋನಿನ ಮಾತು ಕೇಳಿಸಲಿ ಎಂದು ಟಿವಿಯ ಸದ್ದು ಪೂರ್ತಿ ಇಳಿಸಿದ್ದೆ. ಮಳೆಗೆ ಚಿತ್ರ ಚೌಕ ಚೌಕವಾಗಿ ಒಡೆದು ನಿಲ್ಲುತ್ತಿತ್ತು, ಮತ್ತೆ ಓಡುತ್ತಿತ್ತು. ನಡುವೆ ದೋಣಿಯೊಂದರಲ್ಲಿ ಮಾವ ನಿಂತದ್ದು ಕಂಡಿತು.

"ಅದಾರ! ನೋಡಬೇ, ಅದಾರ!" ಅಕ್ಕ ಎದ್ದು ನಿಂತಳು. "ಏನಂತಾರ ಅವರು? ಸೌಂಡ್ ಕೊಡು."

ರಿಮೋಟ್ ಹುಡುಕುವಷ್ಟರಲ್ಲಿ ಕರೆಂಟ್ ಹೋಯಿತು. ಮೊಬೈಲ್‌ನಲ್ಲಿ ನೆಟ್ ಸುಮ್ಮನೆ ಸುತ್ತುತ್ತಿತ್ತು. ಇನ್ವರ್ಟರ್ ಇದ್ದದ್ದು ಸ್ಟುಡಿಯೋದ ಕಂಪ್ಯೂಟರಿಗೆ ಮಾತ್ರ. ಪೆನ್‌ಡ್ರೈವ್ ಹಾಕಿ, ಫೈಲ್ ಬದಲಾಯಿಸಿ, ಜಾಹೀರಾತು ಕತ್ತರಿಸಿ, ಹೆಡ್‌ಫೋನ್ ಹಾಕಿಕೊಂಡೆ. ದೋಣಿ ಬಂತು. ಮಾವ ಬಂದರು. ಆಗಲೇ ಕಿವಿಯಲ್ಲಿ ವರದಿಗಾರನ ದನಿ ಹೇಳಿತು: "ಈಗ ನೀವು ನೋಡುತ್ತಿರುವ ಈ ವ್ಯಕ್ತಿ ಸ್ವಲ್ಪ ಹೊತ್ತಿನಲ್ಲೇ ನೀರುಪಾಲಾಗಿದ್ದಾರೆ."

ಮೌಸ್ ಮೇಲಿನ ಬೆರಳು ಏಳಲಿಲ್ಲ. ಬಾಗಿಲಲ್ಲಿ ಅಕ್ಕ ನಿಂತಿದ್ದಳು.

"ಏನಂದ್ರು?"

"ತಡಿ ಅಕ್ಕಾ, ಫೈಲ್ ಇನ್ನಾ ಪೂರಾ ಇಳಿದಿಲ್ಲ."

"ನಿನ್ನ ಮಾರಿ ಯಾಕ ಹಂಗಾಗ್ಯದ?"

"ಮುಂಜಾನಿಂದ ಹೊಟ್ಟ್ಯಾಗ ಏನೂ ಇಲ್ಲಲಾ, ಅದಕ್ಕ."

"ಚಾ ಇಡ್ತೇನಿ" ಎಂದು ಒಳಗೆ ಹೋದಳು. ಕತ್ತಲಲ್ಲಿ ಪಾತ್ರೆ ತಡಕುವ ಸದ್ದು ಕೇಳುತ್ತಿತ್ತು. ಅವಳು ಕಪ್ಪು ಹಿಡಿದು ಬರುವಷ್ಟರಲ್ಲಿ ಏನು ಹೇಳಲಿ ಎಂದು ಹುಡುಕಬೇಕಿತ್ತು. ಹಿಂದಕ್ಕೆ ಎಳೆದು ಮತ್ತೆ ಹಾಕಿದೆ. ಈ ಸಲ ವರದಿಗಾರನ ಮುಖ ನೋಡಿದೆ. ಅವನ ಬಾಯಿ ಮುಚ್ಚಿತ್ತು, ಮಾತು ಮಾತ್ರ ಬರುತ್ತಲೇ ಇತ್ತು.

ಟಿವಿಯಿಂದ ಹಿಡಿದ ಫೈಲುಗಳಲ್ಲಿ ಹೀಗಾಗುತ್ತದೆ. ಸಿಗ್ನಲ್ ಒಡೆದಲ್ಲೆಲ್ಲ ಸದ್ದು ಒಂದಿಷ್ಟು ಕಳೆದುಹೋಗುತ್ತದೆ, ಚಿತ್ರ ಅಷ್ಟು ಕಳೆಯುವುದಿಲ್ಲ. ಹಾಗಾಗಿ ಮಾತು ಚಿತ್ರಕ್ಕಿಂತ ಮೊದಲೇ ಬರುತ್ತದೆ, ಒಡೆದ ಒಂದೊಂದು ಜಾಗದಲ್ಲೂ ಇನ್ನಷ್ಟು ಮೊದಲು. ಮದುವೆ ವಿಡಿಯೋದಲ್ಲಾದರೆ ನಕ್ಕು ಸರಿಮಾಡುತ್ತಿದ್ದೆ. 'ಭೀಮಾ' ಎನ್ನಬೇಕಾದರೆ ತುಟಿಗಳು ಎರಡು ಸಲ ಕೂಡುತ್ತವೆ. ವರದಿಗಾರನ ತುಟಿ ಕೂಡಿದಲ್ಲಿಗೆ ಆ ಶಬ್ದವನ್ನು ಸರಿಸಿದೆ. ನೀರುಪಾಲಾದ ಮಾತು ಮಾವನನ್ನು ಬಿಟ್ಟು ಬರೀ ಕೆಂಪು ನೀರಿನ ಮೇಲೆ ಹೋಗಿ ಬಿತ್ತು.

ಆದರೆ ನಂಬಿಕೆ ಬರಲಿಲ್ಲ. ಅದು ಶುರುವಿನಲ್ಲಿ ಹೊಂದಿಸಿದ್ದು. ದೋಣಿ ಬರುವ ಮುಂಚೆ ಚಿತ್ರ ಮತ್ತೆ ಒಡೆದಿತ್ತು. ಚೂರು ಈಚೆ ಎಳೆದರೆ ಆ ಮಾತು ಮಾವನ ಮೇಲೆ, ಚೂರು ಆಚೆ ಎಳೆದರೆ ಬೇರೆ ಯಾರದೋ ಮೇಲೆ. ಬೇಕೆಂದೇ ಆಚೆ ಎಳೆಯುತ್ತಿದ್ದೇನೆಯೇ ಎಂದು ನನ್ನ ಕೈಗೇ ನಾನು ಹೆದರಿದೆ.

ದೋಣಿಯಲ್ಲಿ ಮಾವನ ಮುಂದೆ ಮೈಕ್ ಹಿಡಿದಿದ್ದರು. ಅವರೇನೋ ಹೇಳುತ್ತಿದ್ದರು. ಸದ್ದಿನಲ್ಲಿ ಹುಡುಕಿದೆ, ಗಾಳಿಯ ಮೊರೆತದ ನಡುವೆ ಅವರ ಗಂಟಲು ಸಿಕ್ಕಿತು: "ಮೋಟಾರ್ ಮುಳುಗ್ಯಾವ್ರಿ. ನಮ್ಮ ಮಂದಿ ಇನ್ನಾ ಮಾಳಿಗಿ ಮ್ಯಾಲ ಅದಾರ." ಒಂದೊಂದು 'ಮ'ಕ್ಕೂ ತುಟಿ ಕೂಡಬೇಕು. ಕೂಡುವ ತನಕ ಸರಿಸಿದೆ. ಮೋಟಾರ್, ಮುಳುಗ್ಯಾವ್ರಿ, ನಮ್ಮ, ಮಂದಿ, ಮಾಳಿಗಿ, ಮ್ಯಾಲ. ಅವರ ಮಾತು ಅವರ ಬಾಯಿಗೇ ಬಂದು ಕೂತಿತು. ಮುಂದಕ್ಕೆ ಬಿಟ್ಟೆ. ದೋಣಿ ಸರಿದು ಹೋಯಿತು. ನೀರು ಹಾಯುತ್ತಿದ್ದ ಬ್ಯಾರೇಜಿನ ಮೇಲೆ ಹಾಲಿನ ಕ್ಯಾನ್ ಕಟ್ಟಿದ ಬೈಕನ್ನು ತಳ್ಳಿಕೊಂಡು ಒಬ್ಬ ಬರುತ್ತಿದ್ದ. "ಈಗ ನೀವು ನೋಡುತ್ತಿರುವ ಈ ವ್ಯಕ್ತಿ" ಎಂದಿತು ದನಿ.

ಬದುಕಿದೆ ಎನಿಸಿತು. ಆಮೇಲೆ ಆ ಮನುಷ್ಯನ ಮುಖ ಕಂಡಿತು. ಕ್ಯಾಮೆರಾ ನೋಡಿ ಅವನು ನಗುತ್ತಿದ್ದ.

ಅಕ್ಕ ಚಹಾ ತಂದಳು. ದೋಣಿಯ ತುಣುಕಷ್ಟೇ ತೋರಿಸಿದೆ. ಗಂಡನ ದನಿ ಕೇಳಿ ಅವಳು ಸ್ಕ್ರೀನಿಗೆ ಕೈ ಹಚ್ಚಿದಳು. ಆದರೂ ಆ ದೋಣಿ ದಡ ಸೇರಿತೋ ಇಲ್ಲವೋ ಎಂಬುದು ಅದರಲ್ಲಿ ಇರಲಿಲ್ಲ. ಚಹಾ ಇಬ್ಬರೂ ಕುಡಿಯಲಿಲ್ಲ. ಸಂಜೆ ಯಾರದೋ ನಂಬರಿನಿಂದ ಫೋನ್ ಬಂತು. "ನಾ ಕನ್ನಡ ಸಾಲ್ಯಾಗ ಅದೇನಿ. ಫೋನ್ ನೀರಾಗ ಹೋತು. ಅವ್ವನ ಕಣ್ಣು ಹೆಂಗದ?" ಮಾವನ ದನಿ. ಅಕ್ಕ ಫೋನನ್ನು ಅವ್ವನ ಕಿವಿಗೆ ಹಿಡಿದಳು.

ನೀರಿಳಿದ ಮೇಲೆ ಮಾವ ಬಂದು ಇಡೀ ಫೈಲ್ ನೋಡಿದರು. ಬೈಕಿನವನನ್ನು ಕಂಡು ಕುರ್ಚಿಯ ತುದಿಗೆ ಬಂದರು. ಅವನು ಹೊಳೆಯಾಚೆ ಜೇವರ್ಗಿ ಕಡೆಯ ಊರಿನವನು, ದಿನಾ ಹಾಲು ತರುತ್ತಿದ್ದವನು. ಹೆಣ ಎಷ್ಟೋ ಕೆಳಗೆ ಸಿಕ್ಕಿತ್ತಂತೆ. "ಹೊಂಟಾಗ ನನಗ ಕೈ ಮಾಡಿದ್ದ" ಎಂದರು.

ಅವನ ಹೆಂಡತಿ ಮಾವನ ಮೂಲಕ ಆ ತುಣುಕು ಬೇಕೆಂದು ಕೇಳಿದಳು. ಅವನ ನಗುಮುಖದ ಮೇಲೆ ಆ ಮಾತು ಬರುವುದನ್ನು ನೆನೆದು, ಸದ್ದನ್ನೆಲ್ಲ ತೆಗೆದು ಕಳಿಸಿದೆ. ಮಾರನೆಯ ದಿನ ಅವಳೇ ಫೋನ್ ಮಾಡಿದಳು.

"ಸಪ್ಪಳ ಯಾಕ ತೆಗದೀರ್ರಿ ಅಕ್ಕಾರ?"

"ಅದರಾಗ ಟಿವಿಯವ್ರು ಏನೇನೋ ಅಂದಾರ್ರಿ. ನಿಮಗ ತಡಕೊಳ್ಳಾಕ ಆಗಲಿಕ್ಕಿಲ್ಲ ಅಂತ..."

"ಅಂದ್ರ ಅನ್ನಲಿ ಬಿಡ್ರಿ. ಅವಾ ಯಾರಿಗರ ಏನರ ಕೂಗ್ಯಾನೇನ, ಕೇಳಬೇಕು ನನಗ."

ಸದ್ದನ್ನು ಮತ್ತೆ ಕೂಡಿಸಿದೆ. ಕಳಿಸುವ ಮುಂಚೆ ಒಮ್ಮೆ ನೋಡಲೇಬೇಕಿತ್ತು. ಅವನ ತುಟಿಯನ್ನೇ ನೋಡುತ್ತ ಕೊನೆಯವರೆಗೂ ಕೂತೆ. ಅವನು ಏನನ್ನೂ ಕೂಗಿರಲಿಲ್ಲ.