ತುಳಿದವರೇ ಉಳಿಸಿದರು

ಭೂಸನೂರಿನ ಕಬ್ಬಿನ ಹೊಲಗಳ ಮೇಲೆ, ಅಫಜಲಪುರದ ಕಡೆ ನನ್ನ ಮುಂದೆ ಹಾರುತ್ತಿದ್ದ ಗೆಳೆಯನ ಪ್ಯಾರಾಗ್ಲೈಡರ್ ಕಣ್ಣೆದುರೇ ಅರ್ಧ ಮಡಚಿಕೊಂಡು ಗಿರಗಿರ ತಿರುಗತೊಡಗಿತು. ಆ ಬಟ್ಟೆಯ ರೆಕ್ಕೆ ಅವನು ಹೊಸದಾಗಿ ಕೊಂಡದ್ದು. ನನ್ನ ಹಳೆಯದನ್ನು ಬೆಳಿಗ್ಗೆಯಷ್ಟೇ ಹರಕು ಕೊಡೆ ಎಂದು ಗೇಲಿ ಮಾಡಿದ್ದ ಮಹಾಶಯ, ಈಗ ತುರ್ತು ಪ್ಯಾರಾಚೂಟ್ ಬಿಚ್ಚಿಕೊಂಡು ಕಟಾವಾದ ಹೊಲಕ್ಕೆ ಬಿದ್ದ.

ನಾನು ಪಕ್ಕದ ಹೊಲದಲ್ಲಿಳಿದು ಓಡುವಷ್ಟರಲ್ಲಿ ಆ ರೆಕ್ಕೆಗೆ ಮತ್ತೆ ಗಾಳಿ ತುಂಬಿ, ಚೂಪಾದ ಕಬ್ಬಿನ ಕೂಳೆಗಳ ಮೇಲೆ ಅವನನ್ನು ದರದರನೆ ಎಳೆಯುತ್ತಿತ್ತು. ಕಬ್ಬು ಕಡಿಯುತ್ತಿದ್ದ ಹೆಣ್ಣುಮಕ್ಕಳು ಕತ್ತಿ ಬಿಸಾಡಿ ಬಂದು ಬಟ್ಟೆಯ ಮೇಲೆ ನಿಂತುಬಿಟ್ಟರು. ಎಳೆತ ನಿಂತಿತು. ಮೈತುಂಬ ರಕ್ತ. ಆದರೂ ಬಾಯಿಂದ ಬಂದ ಮೊದಲ ಮಾತು, “ಏ, ತುಳೀಬ್ಯಾಡ್ರಿ ಬೇ! ಹೊಸಾದದ ಅದು!”

ಅವರಲ್ಲಿ ಹಿರಿಯಾಕೆ ಅವನನ್ನೇ ದಿಟ್ಟಿಸಿದಳು. “ಅರಿವಿ ಹೊಸಾದು, ನಿನ್ನ ಜೀವ ಏನ್ ಹಳೇದೇನೋ ತಮ್ಮಾ?” ಎಂದಳು. ಅವನನ್ನು ರೆಕ್ಕೆಗೆ ಬಿಗಿದಿದ್ದ ಬೆಲ್ಟುಗಳನ್ನು ನಾನು ಬಿಚ್ಚಿ ಮುಗಿಸುವವರೆಗೂ ಅವರ್ಯಾರೂ ಕಾಲು ತೆಗೆಯಲಿಲ್ಲ. ಅವನು ಎದ್ದವನೇ ರೆಕ್ಕೆಯ ಮಣ್ಣು ಕೊಡವಿದ. ಅವರತ್ತ ತಿರುಗಿಯೂ ನೋಡಲಿಲ್ಲ.

ಸಂಜೆ ನಮ್ಮ ಹಾರಾಟಗಾರರ ವಾಟ್ಸಾಪ್ ಗುಂಪಿಗೆ ಅವನು ಹಾಕಿದ ವಿಡಿಯೊದಲ್ಲಿ ರೆಕ್ಕೆಯ ಗುಣಗಾನವಿತ್ತು, ಆ ಹೆಣ್ಣುಮಕ್ಕಳ ಸುದ್ದಿಯೇ ಇರಲಿಲ್ಲ. ಈಗ ಆಕಾಶದಲ್ಲಿ ಅವನು ಕಂಡರೆ ನಾನು ದಿಕ್ಕು ಬದಲಿಸುತ್ತೇನೆ.