ಹನ್ನೊಂದನೆಯ ಮೈಲುಗಲ್ಲಿನವರೆಗೆ ಕೇಳಿದ ಗಂಟೆ

ದೆವ್ವ, ಪವಾಡ, ಅಪಶಕುನ ಇವುಗಳ ಆಟ ನನ್ನ ಮುಂದೆ ನಡೆಯುತ್ತಿರಲಿಲ್ಲ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು. ಚಹದ ಹೊತ್ತಿಗೆ ಯಾರಾದರೂ ಅಂಥ ಕತೆ ತೆಗೆದರೆ, ಆಗ ಎಷ್ಟು ಗಂಟೆಯಾಗಿತ್ತು, ನೀವು ಎಷ್ಟು ದೂರದಲ್ಲಿದ್ದಿರಿ, ಜೊತೆಗೆ ಯಾರಿದ್ದರು ಎಂದು ಮೂರು ಪ್ರಶ್ನೆ ಹಾಕಿ ಅವರ ಬಾಯಿ ಮುಚ್ಚಿಸುವುದು ನನಗೊಂದು ಚಟ. ಎಷ್ಟೋ ಮಂದಿ ಹಿರಿಯರ ಸಿಟ್ಟನ್ನು ಹೀಗೆ ಕಟ್ಟಿಕೊಂಡಿದ್ದೇನೆ. ಈಗ ಅದೇ ಮೂರು ಪ್ರಶ್ನೆಗಳನ್ನು ನೀವು ನನಗೆ ಹಾಕಬಹುದು. ಮೂರಕ್ಕೂ ನನ್ನ ಹತ್ತಿರ ಸರಿಯಾದ ಉತ್ತರವಿದೆ. ಉತ್ತರ ಕೊಟ್ಟ ಮೇಲೂ ಏನೂ ಬಗೆಹರಿಯುವುದಿಲ್ಲ.

ದೊಡ್ಡ ಯುದ್ಧ ಶುರುವಾಗುವುದಕ್ಕೆ ಮುಂಚಿನ ಮಾತು. ಆಗ ನಮ್ಮ ಕಡೆ ಸೈಕಲ್ ಶರ್ಯತ್ತಿನ ಹುಚ್ಚು ಬಹಳ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ವರ್ಷಕ್ಕೊಮ್ಮೆ, ಚಳಿಗಾಲದಲ್ಲಿ, ತಂಡಗಳ ಪಂದ್ಯ ನಡೆಯುತ್ತಿತ್ತು. ಒಂದೊಂದು ತಂಡದಲ್ಲಿ ಮೂವರು. ಹತ್ತು ಹತ್ತು ನಿಮಿಷಕ್ಕೆ ಒಂದು ತಂಡವನ್ನು ಬಿಡುತ್ತಿದ್ದರು. ಧಾರವಾಡದ ಟೋಲ್ ನಾಕಾದ ಹತ್ತಿರ ಸುಣ್ಣದ ಗೆರೆ. ಅಲ್ಲಿ ತಂಡದ ಮೂರನೆಯವನ ಗಾಲಿ ಗೆರೆ ಮುಟ್ಟಿದಾಗಲೇ ಗಡಿಯಾರ ನಿಲ್ಲಿಸುವುದು. ಒಬ್ಬನು ಗಾಳಿಯಂತೆ ಬಂದು ಉಳಿದವರು ಹಿಂದೆ ಬಿದ್ದರೆ ಪ್ರಯೋಜನವಿಲ್ಲ. ಮೂವರೂ ಕೂಡಿ ಬರಬೇಕು.

ನಮ್ಮ ತಂಡದಲ್ಲಿ ಮುಂದೆ ನಾನು. ನಡುವೆ ರುದ್ರಪ್ಪ, ಹುಬ್ಬಳ್ಳಿಯ ಅರಳೆ ವ್ಯಾಪಾರಿಯ ಮಗ, ಆಳು ದೊಡ್ಡವ, ಉಸಿರು ಸಣ್ಣದು. ಕಟ್ಟಕಡೆಗೆ ಪಾಂಡು. ಪಾಂಡು ತಾರು ಕಚೇರಿಯಲ್ಲಿ, ಅಂದರೆ ಟೆಲಿಗ್ರಾಫ್ ಆಫೀಸಿನಲ್ಲಿ, ನೌಕರ, ಕನ್ನಡ ಸಾಲೆಯಿಂದಲೂ ನನ್ನ ಗೆಳೆಯ. ಹಿಂದೆ ಇರುವವನು ನಂಬಿಕಸ್ಥನಾಗಿರಬೇಕು, ಮುಂದಿನವರಿಗೆ ಅವನು ಕಾಣುವುದಿಲ್ಲವಲ್ಲ. ರಸ್ತೆ ತುಂಬ ಅರಳೆಯ ಬಂಡಿಗಳು ಓಡಾಡುತ್ತಿದ್ದುದರಿಂದ ನಾವು ಜಾಗ ಅದಲುಬದಲು ಮಾಡುತ್ತಿರಲಿಲ್ಲ, ಒಬ್ಬರ ಬೆನ್ನಿಗೆ ಒಬ್ಬರು.

ಹಿಂದಿನ ವರ್ಷ ರುದ್ರಪ್ಪ ಮಾಡಿದ ಒಂದು ಎಡವಟ್ಟನ್ನು ಹೇಳಲೇಬೇಕು. ರಾಯಾಪುರದ ಹತ್ತಿರ, ಪಾಂಡು ಬರುತ್ತಿದ್ದಾನೋ ಇಲ್ಲವೋ ಎಂದು ಅವನು ಹೊರಳಿ ನೋಡಿದ. ಹ್ಯಾಂಡಲ್ ಸರಿಯಿತು, ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದರು, ಗೆಲ್ಲುವ ಪಂದ್ಯ ಕೈಬಿಟ್ಟಿತು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಜನರ ಮುಂದೆ ಅವನನ್ನು ಬೈದೆ, ಒಂದು ತಿಂಗಳು ಮಾತು ಬಿಟ್ಟೆ. ಆಮೇಲೆ ಕಟ್ಟುನಿಟ್ಟಾಗಿ ಹೇಳಿದೆ: ಇನ್ನು ಮೇಲೆ ಪಂದ್ಯದಲ್ಲಿ ಯಾರೂ ಹಿಂದೆ ನೋಡಕೂಡದು. ಮಾಸ್ತರಿಕೆ ನನ್ನ ರಕ್ತದಲ್ಲೇ ಇತ್ತು.

"ಹಿಂದ ನೋಡಬ್ಯಾಡಂದ್ರ, ನಾ ಅದೀನೋ ಇಲ್ಲೋ ಅಂತ ನಿನಗ ಹೆಂಗ ಗೊತ್ತಾಗಬೇಕು?" ಎಂದು ಪಾಂಡು ಕೇಳಿದ. ಉಪಾಯವನ್ನೂ ಅವನೇ ಹೇಳಿದ. ತೂಕ ಕಡಿಮೆಯಾಗಲೆಂದು ನಾವು ಮೂವರೂ ಗಂಟೆ ಬಿಚ್ಚಿಟ್ಟಿದ್ದೆವು. ಅವನೊಬ್ಬ ತನ್ನದನ್ನು ಮತ್ತೆ ಹಾಕಿಸಿಕೊಂಡ. "ಒಂದೊಂದು ಮೈಲುಗಲ್ಲಿಗೆ ಒಂದು ಸಲ ಬಾರಿಸ್ತೇನಿ. ಕೇಳಿಸ್ತಂದ್ರ ಹೊಡಿ ಮುಂದ. ಕೇಳಿಸಲಿಲ್ಲಂದ್ರ ನಿಂದ್ರು. ತಾರು ಕಳಿಸಿಧಾಂಗ ಆತು." ಎರಡು ತಿಂಗಳು ಹಾಗೆಯೇ ಅಭ್ಯಾಸ ಮಾಡಿದೆವು. ಆ ಗಂಟೆ ನನ್ನ ಕಿವಿಗೆ ಎಷ್ಟು ರೂಢಿಯಾಯಿತೆಂದರೆ ಕಲ್ಲು ಕಂಡ ಕೂಡಲೆ ಕಿವಿ ತಾನೇ ಹಿಂದಕ್ಕೆ ಹೋಗುತ್ತಿತ್ತು.

ಪಂದ್ಯದ ದಿನ ಚೀಟಿ ಎತ್ತಿದಾಗ ನಮಗೆ ಕಡೆಯ ಸರತಿ ಬಂತು. ನಮ್ಮ ಹಿಂದೆ ಯಾವ ತಂಡವೂ ಇಲ್ಲ. ಬೆಳಗಾಗಿತ್ತು, ಆದರೆ ಮಂಜು ದಟ್ಟವಾಗಿತ್ತು. ಹತ್ತು ಮಾರು ಮುಂದಿನ ಬಂಡಿ ಕಾಣುತ್ತಿರಲಿಲ್ಲ. "ಇಂಥಾ ಮಂಜಿನ್ಯಾಗ ಗೆದ್ರ ಯಾರ ನೋಡ್ತಾರಲೇ ನಮ್ಮನ್ನ?" ಎಂದು ಪಾಂಡು ನಗೆಯಾಡಿದ. ಪಂದ್ಯದ ಪಂಚರು ನಿಶಾನೆ ಬೀಸಿದರು, ಹೊರಟೆವು.

ಒಂದನೆಯ ಕಲ್ಲು, ಗಂಟೆ. ಎರಡು, ಮೂರು. ಉಣಕಲ್ಲ ಕೆರೆ ದಾಟಿ ನಾಲ್ಕನೆಯ ಕಲ್ಲು ಬಂತು, ಗಂಟೆ ಸರಿಯಾಗಿ ಕೇಳಿತು. ಮುಂದೆ ಐದನೆಯದಕ್ಕೂ ಕೇಳಿತು. ಆರು, ಏಳು, ಎಂಟು. ಅಷ್ಟು ಚೆನ್ನಾಗಿ ನಾವು ಯಾವತ್ತೂ ಓಡಿಸಿರಲಿಲ್ಲ. ರಾಯಾಪುರದ ಹತ್ತಿರ ನಮಗಿಂತ ಮೊದಲು ಬಿಟ್ಟ ತಂಡವೊಂದು ಪಂಕ್ಚರ್ ಆಗಿ ನಿಂತಿತ್ತು, ಅವರನ್ನು ದಾಟಿದೆವು. ಒಂಬತ್ತಕ್ಕೂ ಗಂಟೆ ಬಂತು. ನವಲೂರಿನ ಏರಿನಲ್ಲಿ ನನ್ನ ತೊಡೆಗಳಿಗೆ ಬೆಂಕಿ ಬಿದ್ದಂತಾಗಿತ್ತು. ಇನ್ನು ಆಗದು ಎನ್ನುವಾಗ ಹತ್ತನೆಯ ಕಲ್ಲಿಗೆ ಹಿಂದಿನಿಂದ ಗಂಟೆ ಬಂತು. ಪಾಂಡುವೇ ಬರುತ್ತಿರುವಾಗ ನನಗೇನು ಧಾಡಿ ಎಂದು ಮತ್ತೆ ತುಳಿದೆ. ಹನ್ನೊಂದನೆಯ ಕಲ್ಲಿಗೂ ಕೇಳಿತು. ಒಂದೇ ಪೆಟ್ಟು, ಸ್ಪಷ್ಟವಾಗಿ, ಎಂದಿನಷ್ಟೇ ದೂರದಿಂದ, ಅಂದರೆ ಎರಡು ಸೈಕಲ್ ಹಿಂದಿನಿಂದ.

ಹನ್ನೆರಡನೆಯದಕ್ಕೆ ಕೇಳಲಿಲ್ಲ. ಇದನ್ನು ನಾನು ಮುಚ್ಚಿಡುವುದಿಲ್ಲ. ಅಷ್ಟರಲ್ಲಿ ನಾಕಾದ ಜನರ ಕೂಗಾಟ ಶುರುವಾಗಿತ್ತು, ಅದರಲ್ಲಿ ಮುಳುಗಿಹೋಗಿರಬೇಕೆಂದುಕೊಂಡೆ. ನಿಲ್ಲಬೇಕೆಂಬ ಕರಾರಿತ್ತು, ನಿಲ್ಲಲಿಲ್ಲ.

ಗೆರೆ ದಾಟಿ ಇಳಿದೆ. ರುದ್ರಪ್ಪ ನನ್ನ ಬೆನ್ನಿಗೇ ಬಂದು ಇಳಿದ. ಗಡಿಯಾರ ಹಿಡಿದಿದ್ದ ಪಂಚರು ನಮ್ಮ ಕಡೆ ನೋಡದೆ ರಸ್ತೆಯನ್ನೇ ನೋಡುತ್ತ ನಿಂತಿದ್ದರು.

"ಮೂರನೇದವರು ಎಲ್ಲೆ ಅದಾರ್ರಿ?"

"ಹಿಂದ ಬಂದಾನಲ್ರಿ," ಎಂದು ನಗುತ್ತಲೇ ಹೊರಳಿದೆ.

ರಸ್ತೆ ಖಾಲಿಯಾಗಿತ್ತು. ಅಷ್ಟು ಹೊತ್ತಿಗೆ ಮಂಜು ಹರಿದು ಎರಡು ಫರ್ಲಾಂಗು ದೂರ ಕಾಣುತ್ತಿತ್ತು. ಅದರ ಮೇಲೆ ಒಂದು ನಾಯಿ ಬಿಟ್ಟರೆ ಏನೂ ಇರಲಿಲ್ಲ. ನನ್ನ ನಗು ಮುಖದ ಮೇಲೆ ಹಾಗೆಯೇ ನಿಂತುಹೋಯಿತು.

"ಪಾಂಡು ಎಲ್ಲೋ?" ಎಂದು ರುದ್ರಪ್ಪನ ಹೆಗಲು ಹಿಡಿದು ಅಲುಗಾಡಿಸಿದೆ. "ಈಗ ಹನ್ನೊಂದನೇ ಕಲ್ಲಿಗೆ ಗಂಟಿ ಬಾರಿಸಿದ್ನಲ್ಲೋ!"

ರುದ್ರಪ್ಪ ನನ್ನ ಮುಖವನ್ನೇ ನೋಡಿದ. "ಎಲ್ಲಿ ಗಂಟಿರೀ ಮಾಸ್ತರ? ನಾಲ್ಕನೇ ಕಲ್ಲು ದಾಟಿದ ಮ್ಯಾಲೆ ನಾ ಒಂದೂ ಕೇಳಿಲ್ಲ."

"ಮತ್ತ ನನಗ ಯಾಕ ಹೇಳಲಿಲ್ಲ?"

"ನೀವು ನಿಂದರಲಿಲ್ಲ. ನಿಮಗ ಕೇಳಿರಬೇಕು, ನನ್ನ ಕಿವಿನೇ ಗಾಳಿಗೆ ಕೆಪ್ಪಾಗಿರಬೇಕು ಅಂದ್ಕೊಂಡೆ. ಹೊರಳಿ ನೋಡೋಣಂದ್ರ..." ಹೋದ ವರ್ಷದ ನನ್ನ ಬೈಗುಳ ಅವನ ಕುತ್ತಿಗೆಯನ್ನು ಹಿಡಿದಿತ್ತು.

ಅಲ್ಲಿಂದಲೇ ಸೈಕಲ್ ತಿರುಗಿಸಿದೆವು. ಬಂದದ್ದಕ್ಕಿಂತ ಜೋರಾಗಿ ತುಳಿದೆವು. ಪ್ರತಿಯೊಂದು ಕಲ್ಲಿನ ಹತ್ತಿರ ಇಳಿದು ಎರಡೂ ಬದಿಯ ತಗ್ಗು ನೋಡಿದೆ. ಹನ್ನೊಂದರ ಹತ್ತಿರ ಇರಲಿಲ್ಲ. ಹತ್ತರ ಹತ್ತಿರವೂ ಇಲ್ಲ. ಪಂಕ್ಚರ್ ಆದ ತಂಡದವರು ಇನ್ನೂ ಅಲ್ಲೇ ಕೂತಿದ್ದರು. ಅವರನ್ನು ಕೇಳಿದೆವು. "ನೀವಿಬ್ರ ಹೋದ್ರಲ್ರಿ, ಮೂರನೇದವರನ್ನ ನಾವು ನೋಡಲಿಲ್ಲ," ಎಂದರು. ಅದು ಎಂಟನೆಯ ಕಲ್ಲಿನ ಹತ್ತಿರ. ಅವರ ಮಗ್ಗುಲಲ್ಲೇ ನಾನು ಗಂಟೆ ಕೇಳಿದ್ದೆ. ಆಗ ನನಗಾದದ್ದನ್ನು ಹೆದರಿಕೆ ಎನ್ನಲೋ ಏನೆನ್ನಲೋ ತಿಳಿಯದು. ಮಾತಿಗೆ ನಿಲ್ಲದೆ ಮತ್ತೆ ಸೈಕಲ್ ಹತ್ತಿದೆ.

ನಾಲ್ಕನೆಯ ಕಲ್ಲು ಇನ್ನೂ ತುಸು ದೂರವಿರುವಾಗಲೇ, ಒಂದು ಮೋರಿಯ ಕೆಳಗೆ ಅವನ ಸೈಕಲ್ ಬಿದ್ದಿತ್ತು. ಮುಂದಿನ ಗಾಲಿ ಎರಡಾಗಿ ಮಡಚಿತ್ತು. ಹುಲ್ಲಿನ ಮೇಲೆ ರಕ್ತ. ಹತ್ತಿರದ ಹೊಲದ ಹೆಣ್ಣುಮಗಳೊಬ್ಬಳು ಹೇಳಿದಳು: "ಎಮ್ಮಿ ಅಡ್ಡ ಬಂತಂತ್ರಿ. ಕಾಲು ಸೈಕಲ್ಲಿನ್ಯಾಗ ಸಿಕ್ಕೊಂಡು ಭಾಳ ಹೊತ್ತು ಬಿದ್ದಿದ್ರು ಪಾಪ. ಈಗ ಹೆಬ್ಬಳ್ಳಿ ಬಂಡಿಯವರು ನೋಡಿ ಹುಬ್ಬಳ್ಳಿ ದವಾಖಾನಿಗಿ ಒಯ್ದ್ರು."

ಪಾಂಡುವಿನ ಜೀವ ಉಳಿಯಿತು. ಎಡಗಾಲು ಉಳಿಯಲಿಲ್ಲ, ಮೊಣಕಾಲಿನ ಕೆಳಗೆ ತೆಗೆದರು. ಬಹಳ ಹೊತ್ತು ರಕ್ತ ಹೋಗಿತ್ತು, ಬಿದ್ದ ಕೂಡಲೆ ಯಾರಾದರೂ ಬಿಗಿದು ಕಟ್ಟಿ ತಂದಿದ್ದರೆ ನೋಡಬಹುದಿತ್ತು ಎಂದು ಡಾಕ್ಟರರು ನನ್ನೆದುರಿಗೇ ಹೇಳಿದರು. ಅವರಿಗೇನು ಗೊತ್ತು, ನಾನು ಯಾರೆಂದು.

ಮೂರನೆಯ ದಿನ ಅವನಿಗೆ ಸರಿಯಾಗಿ ಎಚ್ಚರ ಬಂತು. ನಾನು ಹಾಸಿಗೆಯ ಮಗ್ಗುಲಿಗೆ ಕೂತಿದ್ದೆ. ಮೊದಲು ಕಾಲಿನ ಮಾತೇ ಎತ್ತಲಿಲ್ಲ ಅವನು.

"ಗಂಟಿ ಬಾರಿಸಿದೆನಲೋ," ಎಂದ. "ಬಿದ್ದಲ್ಲಿಂದ ಏಳಾಕ ಬರಲಿಲ್ಲ. ಒದರಾಕ ದನಿ ಬರಲಿಲ್ಲ. ಕೈಗೆ ಗಂಟಿ ಹತ್ತಿತ್ತು. ಒಂದು ಸಲ ಬಾರಿಸೋದು, ಕಣ್ಣ ಕತ್ತಲಿ ಬರೋದು. ಮತ್ತ ಎಚ್ಚರ ಆತಂದ್ರ ಮತ್ತೊಂದು ಸಲ. ಏಳು ಸಲ ಬಾರಿಸೇನಿ, ಎಣಿಸೇನಿ. ಎಂಟನೇದಕ್ಕ ಕೈ ಏಳಲಿಲ್ಲ. ನಿನಗ ಒಂದೂ ಕೇಳಿಸಲಿಲ್ಲೇನು?"

ಓದುಗರೇ, ಐದನೆಯ ಕಲ್ಲಿನಿಂದ ಹನ್ನೊಂದನೆಯದರವರೆಗೆ ಎಣಿಸಿ ನೋಡಿರಿ. ನಾನು ಅಲ್ಲಿ ಕೂತು ಬೆರಳ ಮೇಲೆ ಎಣಿಸಿದೆ, ಎಣಿಕೆಯ ಮಾಸ್ತರನಾದ ನಾನು ಮೂರು ಸಲ ಎಣಿಸಿದೆ. ಏಳೇ ಬಂತು. ಅವನು ನನ್ನ ಬಾಯಿಯನ್ನೇ ನೋಡುತ್ತಿದ್ದ.

"ಇಲ್ಲೋ ಪಾಂಡು," ಎಂದೆ. "ಕೇಳಿಸಲಿಲ್ಲ."

"ಹೆಂಗ ಕೇಳಿಸ್ತದ ಹುಚ್ಚಾ, ನೀ ಎಲ್ಲಿಗೋ ಹೋಗಿರ್ತಿ," ಎಂದು ಅವನೇ ನನ್ನ ಕೈ ತಟ್ಟಿ ಸಮಾಧಾನ ಹೇಳಿದ.

ಆಮೇಲೆ ನಾನು ಸುಮ್ಮನೆ ಕೂರಲಿಲ್ಲ. ಅದೇ ಗಂಟೆಯನ್ನು ರುದ್ರಪ್ಪನ ಕೈಗೆ ಕೊಟ್ಟು ಅದೇ ಮೋರಿಯ ಕೆಳಗೆ ಕೂರಿಸಿ, ಮಂಜಿನ ಬೆಳಗ್ಗೆಯೇ ನೋಡಿ, ಬಾರಿಸಲು ಹೇಳಿದೆ. ಒಂದು ಫರ್ಲಾಂಗು ಹೋಗುವಷ್ಟರಲ್ಲಿ ಸದ್ದು ಸತ್ತುಹೋಯಿತು. ನಾನು ಕೇಳಿದ ಕಡೆಯ ಗಂಟೆಗೂ ಆ ಮೋರಿಗೂ ನಡುವೆ ಹೆಚ್ಚುಕಡಿಮೆ ಏಳು ಮೈಲು. ನನ್ನ ಮನಸ್ಸೇ ರೂಢಿಯ ಬಲದಿಂದ ಕಲ್ಲು ಕಂಡಾಗಲೆಲ್ಲ ಗಂಟೆಯನ್ನು ಕಲ್ಪಿಸಿಕೊಂಡಿತೆಂದು ನಮ್ಮ ಹೆಡ್‌ಮಾಸ್ತರರು ಹೇಳಿದರು. ಒಪ್ಪಿಕೊಳ್ಳಲು ನಾನು ತಯಾರಿದ್ದೆ, ಖುಷಿಯಿಂದ ಒಪ್ಪುತ್ತಿದ್ದೆ. ಹಾಗಾದರೆ ಹನ್ನೆರಡನೆಯ ಕಲ್ಲಿಗೆ ಅದೇ ಮನಸ್ಸು ಯಾಕೆ ಸುಮ್ಮನಿತ್ತು ಎಂದು ಕೇಳಿದೆ. ಅವರು ಕನ್ನಡಕ ಒರೆಸಿಕೊಂಡರು.

ಮತ್ತೆ ನಾನು ಪಂದ್ಯಕ್ಕೆ ಇಳಿಯಲಿಲ್ಲ. ಪಾಂಡು ಬಗಲಗೋಲು ಊರಿಕೊಂಡು ತಾರು ಕಚೇರಿಯ ಕೆಲಸ ಕಡೆಯವರೆಗೂ ಮಾಡಿದ, ಲಗ್ನವಾದ, ಇಬ್ಬರು ಮಕ್ಕಳ ತಂದೆಯಾದ. ಭಾನುವಾರಕ್ಕೊಮ್ಮೆ ನಮ್ಮ ಮನೆಗೆ ಬರುವುದು ತಪ್ಪಲಿಲ್ಲ. ಖರೆ ಹೇಳಿಬಿಡಬೇಕೆಂದು ಎಷ್ಟು ಭಾನುವಾರ ನಿಶ್ಚಯ ಮಾಡಿದ್ದೆನೋ ಲೆಕ್ಕವಿಲ್ಲ. ಏನೆಂದು ಹೇಳಲಿ? ನೀನು ಕರೆದದ್ದು ನನಗೆ ಕೇಳಿತು, ಏಳೂ ಸಲ ಕೇಳಿತು, ಒಂದೊಂದು ಸಲ ಕೇಳಿದಾಗಲೂ ನಾನು ಇನ್ನಷ್ಟು ಜೋರಾಗಿ ತುಳಿದು ನಿನ್ನಿಂದ ದೂರ ಹೋದೆ ಎಂದೇ?

ಅವನು ತೀರಿಕೊಂಡು ಎರಡು ವರ್ಷವಾಯಿತು. ಇಷ್ಟು ದಿನ ನನಗೆ ಇದನ್ನು ಬರೆಯುವ ಧೈರ್ಯ ಬಂದಿರಲಿಲ್ಲ. ಆ ಸದ್ದು ಏಳು ಮೈಲು ಹೇಗೆ ಬಂತು, ಬಂದದ್ದು ನನ್ನೊಬ್ಬನ ಕಿವಿಗೇ ಯಾಕೆ ಬಂತು, ಇವತ್ತಿಗೂ ನನಗೆ ಗೊತ್ತಿಲ್ಲ. ಗೊತ್ತಿರುವವರು ತಿಳಿಸಿದರೆ ಅವರ ಕಾಲು ಹಿಡಿಯುತ್ತೇನೆ. ಅವನು ಬದುಕಿರುವಾಗ, ನಮ್ಮ ಮನೆಗೆ ಬಂದ ಹೊಸಬರು ಯಾರಾದರೂ ಅವನ ಕಾಲು ನೋಡಿ ಕತೆ ಕೇಳಿದರೆ, ಪಾಂಡು ಎಲ್ಲವನ್ನೂ ನಗುನಗುತ್ತ ಹೇಳಿ, ನನ್ನ ಹೆಗಲ ಮೇಲೆ ಕೈ ಹಾಕಿ, ಪ್ರತಿಸಲ ಒಂದೇ ಮಾತಿನಿಂದ ಮುಗಿಸುತ್ತಿದ್ದ:

"ಒಂದ ಒಂದು ಗಂಟಿ ಕೇಳಿಸಿದ್ರೂ ಸಾಕಾಗಿತ್ತು ನೋಡ್ರಿ, ನಮ್ಮ ಮಾಸ್ತರ ಪಂದ್ಯಾ ಬಿಟ್ಟು ಓಡಿ ಬಂದುಬಿಡತಿದ್ದ."

ನಾನು ಹೌದೆಂದು ತಲೆಯಾಡಿಸುತ್ತಿದ್ದೆ.