ದೀಪಕ್ಕೆ ಕಲಿಸದೇ ಬಿಟ್ಟ ಮಾತು

ನನ್ನ ತಂಗಿಯ ಗಂಡ ಬೀಗ ರಿಪೇರಿಯವನು. ಅದಕ್ಕೂ ಮೊದಲು ಇಪ್ಪತ್ತೆಂಟು ವರ್ಷ ತಗಡು ಬಡಿಯುವ ಕಾರ್ಖಾನೆಯಲ್ಲಿ ದುಡಿದು, ಎರಡು ಕಿವಿಯನ್ನೂ ಅಲ್ಲೇ ಬಿಟ್ಟು ಬಂದಿದ್ದ. ಯಾರು ಏನೇ ಹೇಳಲಿ, ‘ಏನಂದ್ರಿ?’ ಎನ್ನುವುದೇ ಅವನ ಮೊದಲ ಮಾತು. ಬೀದಿಯವರು ಅವನಿಗೆ ಅದೇ ಹೆಸರಿಟ್ಟಿದ್ದರು. ಅದು ಅವನಿಗೆ ಕೇಳಿಸುತ್ತಿರಲಿಲ್ಲವಾದ್ದರಿಂದ ಜಗಳವೂ ಆಗಲಿಲ್ಲ.

ಎರಡು ಕೋಣೆಯ ಮಹಡಿ ಮನೆ. ಮುಂದಿನ ಕೋಣೆಯಲ್ಲಿ ಅವನ ಮೇಜು, ಅರಗಳು, ಕೀಲಿ ಕೊರೆಯುವ ಯಂತ್ರ. ಒಳಕೋಣೆಯಲ್ಲಿ ತಂಗಿ. ಲಕ್ವ ಹೊಡೆದು ಅವಳ ಬಲಗೈ ಬಿದ್ದುಹೋಗಿತ್ತು; ಮಾತಿನಲ್ಲಿ ಉಳಿದದ್ದು ‘ಸಾಕು’ ಒಂದೇ. ನೀರು ಬೇಕಾದರೂ ಸಾಕು, ಮಗ್ಗುಲು ಬದಲಿಸಬೇಕಾದರೂ ಸಾಕು. ಒಂದು ದಿನ ಅವಳು ಮಂಚದಿಂದ ಉರುಳಿಬಿದ್ದು ಗಂಟಲು ಹರಿಯುವಂತೆ ಕೂಗಿದರೂ ಇವನು ಈಚೆ ಗಂಟೆಗಟ್ಟಲೆ ಅರ ಉಜ್ಜುತ್ತ ಕೂತಿದ್ದ.

‘ಭಾವ, ಅವಳು ಕೂಗಿದ್ದು ನನ್ನ ಕಣ್ಣಿಗೆ ಕಾಣೋ ಹಾಗೆ ಏನಾದ್ರೂ ಮಾಡಿ,’ ಅಂದ ಅವತ್ತು.

ನಾನು ಶಾಲೆಯ ಹೊಸ್ತಿಲು ತುಳಿದವನಲ್ಲ. ಕರೆಂಟಿನ ತಂತಿ ಹಿಡಿದು, ಏಟು ತಿಂದು ಕಲಿತ ಕೆಲಸ ನನ್ನದು. ಕೈ ತಪ್ಪಿದ್ದನ್ನು ಕಂಡವರಿಲ್ಲ. ಅವನ ಮೇಜಿಗೆ ತಂತಿಯಿಲ್ಲದ ದೀಪವೊಂದನ್ನು ತಂದೆ. ತಂಗಿಯ ತಲೆದೆಸೆಯಲ್ಲಿ ಮಾತು ಆಲಿಸುವ ಡಬ್ಬಿ ಇಟ್ಟೆ. ದೀಪದ ಗುಂಡಿ ಒತ್ತಿ ಹಿಡಿದರೆ ಅದು ಮಿಣುಕಬೇಕು, ಫೋನು ಅದನ್ನು ಗುರುತು ಹಿಡಿದು ಮನೆಯ ವೈಫೈಗೆ ಸೇರಿಸಿ ಡಬ್ಬಿಯ ಜೊತೆ ಗಂಟುಹಾಕಬೇಕು. ಮೂರು ಸಲ ಕೈಕೊಟ್ಟಿತು. ನಾಲ್ಕನೇ ಸಲ ದಾರಿಗೆ ಬಂತು. ಯಾವ ಮಾತಿಗೆ ದೀಪ ಹೊತ್ತಬೇಕೆಂದು ಫೋನು ಕೇಳಿತು. ‘ಸಾಕು’ ಹಾಕಿದೆ.

‘ಮದುವೆ ಆದಾಗಿಂದ ನನ್ನನ್ನ “ರೀ” ಅಂತಾನೇ ಕರೀತಿದ್ದಳು. ಅದನ್ನೂ ಹಾಕಿ ಭಾವ.’

ಹಾಕಿದೆ. ತೀರಾ ಚಿಕ್ಕ ಪದ, ಆಗದು ಎಂದಿತು ಫೋನು.

‘ಅವಳ ಬಾಯಲ್ಲಿ ಇಲ್ಲದ ಮಾತು ಯಾಕಪ್ಪಾ? ಇರೋ “ಸಾಕು” ಸಾಕಲ್ವಾ?’ ಎಂದು ಅವನ ಕಿವಿಗೆ ಬಾಯಿಟ್ಟು ಕೂಗಿದೆ. ಅವನೂ ನಕ್ಕ.

ಐದು ತಿಂಗಳು ಆ ದೀಪ ಒಮ್ಮೆಯೂ ತಪ್ಪಲಿಲ್ಲ. ಹೊತ್ತಿದ ಕೂಡಲೇ ಅವನು ಅರ ಬಿಸಾಡಿ ಒಳಗೆ ಓಡುತ್ತಿದ್ದ. ನಾನು ಮೀಸೆ ತಿರುವಿಕೊಂಡು ಓಡಾಡಿದೆ.

ಒಂದು ಸಂಜೆ ನಾನು ಅಲ್ಲೇ ಇದ್ದಾಗ ಕೆಳಮನೆಯ ಟೈಲರಮ್ಮ ಮೇಲೆ ಬಂದು ಅವನ ಎದುರು ನಿಂತು ಜೋರಾಗಿ ಹೇಳಿದಳು: ‘ಅಣ್ಣಾ, ಅಕ್ಕನಿಗೆ ಮಾತು ಬಂತಲ್ಲ! ಮಧ್ಯಾಹ್ನ “ರೀ, ರೀ” ಅಂತ ಎಷ್ಟೊತ್ತು ಕರೆದರು! ನೀವು ನೋಡಿದ್ರೆ ಮಿಷನ್ನು ತಿರುಗಿಸ್ತಾನೇ ಇದ್ರಿ. ಗಂಡ ಹೆಂಡತಿ ಮಧ್ಯೆ ನಾನ್ಯಾಕೆ ಅಂತ ಸುಮ್ನಾದೆ.’

ಮಧ್ಯಾಹ್ನವೆಲ್ಲ ದೀಪ ಹೊತ್ತಿರಲಿಲ್ಲ. ಅವನು ಒಳಗೆ ಓಡಿದ; ಹಿಂದೆಯೇ ನಾನೂ.

‘ಇನ್ನೊಂದ್ಸಲ ಕರಿಯೇ. ಒಂದೇ ಒಂದ್ಸಲ.’

ತಂಗಿ ಅವನ ಮುಖವನ್ನೇ ನೋಡಿದಳು. ತುಟಿ ಅದುರಿತು.

‘ಸಾಕು.’

ಮುಂದಿನ ಕೋಣೆಯಲ್ಲಿ ದೀಪ ಹೊತ್ತಿತು. ನಾನು ಹೋಗಿ ಆರಿಸಿದೆ.

ಮರುದಿನವೇ ಅವನು ಮೇಜನ್ನು ಒಳಕೋಣೆಗೆ ಎಳೆದುಕೊಂಡು, ಅವಳ ತುಟಿ ಕಾಣುವಂತೆ ಕೂತ. ಒಂದು ತಿಂಗಳು ಕಾದ. ಆ ಮಾತು ಮತ್ತೆ ಬರಲಿಲ್ಲ. ಆಮೇಲೆ ‘ಸಾಕು’ ಎನ್ನುವುದೂ ನಿಂತಿತು.

ಅವಳನ್ನು ಮಸಣಕ್ಕೆ ಕಳಿಸಿಕೊಟ್ಟ ಮೇಲೆ ಒಂದು ದಿನ ಅವನು ನನ್ನೆದುರೇ ಟೈಲರಮ್ಮನನ್ನು ಕೇಳಿದ: ‘ಅವತ್ತು ಹೇಗೆ ಕರೆದಳಮ್ಮ? ಸಿಟ್ಟಿಂದಾನಾ?’

‘ಇಲ್ಲಣ್ಣಾ. ಊಟಕ್ಕೆ ಬಡಿಸಿಟ್ಟು ಕರೀತಾರಲ್ಲ, ಹಾಗೆ,’ ಎಂದು ಅವಳು ಜೋರಾಗಿ ಹೇಳಿದಳು.

‘ಒಂದ್ಸಲ ಅಂದು ತೋರಿಸ್ತೀಯಾ?’

ಪರರ ಗಂಡನನ್ನು ಹಾಗೆ ಕರೆಯಲು ಅವಳಿಗೆ ಸಂಕೋಚ. ನನ್ನತ್ತ ನೋಡಿದಳು. ನಾನು ನೆಲ ನೋಡಿದೆ. ಕೊನೆಗೆ ಅವಳು ಮೆಲ್ಲಗೆ, ‘ರೀ,’ ಅಂದಳು.

ಅವಳ ತುಟಿಯನ್ನೇ ದಿಟ್ಟಿಸುತ್ತಿದ್ದವನು ತಲೆಯಾಡಿಸಿದ.

‘ಅಲ್ಲಮ್ಮ. ಅವಳದು ಇನ್ನೂ ಸ್ವಲ್ಪ ಉದ್ದ.’